ಹೊಟ್ಟೆ ತಣ್ಣಗಿರಲಿ: ಋಣ, ಹಂಗು ಮತ್ತು ಸುಖ

(ಚಿಕ್ಕಜಾಜೂರಿನಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಚಿಕ್ಕಜಾಜೂರು ಹೊಳಲ್ಕೆರೆ ತಾಲ್ಲೂಕಿನ ಸಣ್ಣ ಊರು. ರೈಲ್ವೆ ನಕ್ಷೆಯಲ್ಲಿ ಮಾತ್ರ ದೊಡ್ಡ ಹೆಸರು. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಗಳ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ಜಂಕ್ಷನ್ ಎಂದ ಮೇಲೆ ಗಾಡಿ ಬದಲಿಸುವವರು, ಗಂಟುಮೂಟೆ ಇಳಿಸುವವರು ಇದ್ದೇ ಇರುತ್ತಾರೆ. ಒಬ್ಬರ ತಲೆಗೆ ಮೂಟೆ ಎತ್ತಲು ಇನ್ನೊಬ್ಬರು ಕೈ ಕೊಡುತ್ತಾರೆ. ಒಳಗೆ ಕುಳಿತವರು ಒತ್ತರಿಸಿಕೊಂಡು ಜಾಗ ಬಿಡುತ್ತಾರೆ. ಇಂಥಲ್ಲಿ 'ಧನ್ಯವಾದಗಳು' ಎಂಬ ಮಾತು ಕಿವಿಗೆ ಬೀಳುವುದು ಅಪರೂಪ. ಯಾರಾದರೂ ಹೇಳಿಬಿಟ್ಟರೆ ಎದುರಿನವರಿಗೇ ಮುಜುಗರ. ವಯಸ್ಸಾದ ಹೆಂಗಸಾದರೆ ಮೂಟೆ ಎತ್ತಿದ ಹುಡುಗನಿಗೆ 'ನಿನ್ನ ಹೊಟ್ಟೆ ತಣ್ಣಗಿರಲಪ್ಪ' ಎಂದು ಹರಸಿ ಮುಂದೆ ಹೋಗುತ್ತಾಳೆ.

ಇದನ್ನು ಕಂಡು ನಮ್ಮ ಜನಕ್ಕೆ ಉಪಕಾರಸ್ಮರಣೆ ಕಡಿಮೆ ಎಂದು ತೀರ್ಪು ಕೊಡುವವರಿದ್ದಾರೆ. ವಿದೇಶಕ್ಕೆ ಒಮ್ಮೆ ಹೋಗಿ ಬಂದವರಲ್ಲಿ ಈ ಅಭಿಪ್ರಾಯ ಹೆಚ್ಚು. ತೀರ್ಪು ಅವಸರದ್ದು. ಸಿಮಿಯನ್ ಫ್ಲಾಯ್ಡ್ ಮತ್ತು ಸಂಗಡಿಗರು ಐದು ಖಂಡಗಳ ಎಂಟು ಭಾಷೆಗಳ ಜನ ಮನೆಯಲ್ಲಿ, ನೆರೆಹೊರೆಯಲ್ಲಿ ಆಡುವ ಮಾತುಗಳನ್ನು ಚಿತ್ರೀಕರಿಸಿ ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳಿದ ಸಣ್ಣಪುಟ್ಟ ನೆರವು ಸಿಕ್ಕಾಗ ಬಾಯಿಬಿಟ್ಟು ಕೃತಜ್ಞತೆ ಹೇಳಿದ್ದು ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಸಲ. ಮಾತುಮಾತಿಗೂ 'ಥ್ಯಾಂಕ್ಸ್' ಎನ್ನುತ್ತಾರೆಂದು ಹೆಸರಾದ ಇಂಗ್ಲಿಷ್ ಮಾತಿನ ಜನ ಕೂಡ ತಮ್ಮವರ ನಡುವೆ ಏಳರಲ್ಲಿ ಒಂದು ಸಲ ಹೇಳಿದ್ದರು, ಅಷ್ಟೆ. ಆ ಎಂಟರಲ್ಲಿ ಕನ್ನಡ ಇರಲಿಲ್ಲ. ಆದರೂ ಅದರಿಂದ ತಿಳಿಯುವ ಸಂಗತಿ ನಮಗೆ ಪರಿಚಿತವೇ. ತನ್ನವರು ನೆರವಾಗುತ್ತಾರೆಂಬ ಭರವಸೆ ಇರುವ ಕಡೆ ಪ್ರತಿ ಸಲವೂ ರಸೀತಿ ಬರೆದುಕೊಡಬೇಕಾಗಿಲ್ಲ.

ಹಾಗಾದರೆ ಮನಸ್ಸಿನಲ್ಲಿರುವ ಕೃತಜ್ಞತೆಯನ್ನು ಬೇಕೆಂದೇ ಬೆಳೆಸಿಕೊಂಡರೆ ಮನುಷ್ಯ ಹೆಚ್ಚು ಸುಖಿಯಾಗುತ್ತಾನೆಯೇ? ಧರ್ಮಗ್ರಂಥಗಳು ಹೌದೆಂದು ಹೇಳುತ್ತ ಬಂದಿವೆ. ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿದ್ದು ತೀರ ಈಚೆಗೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಹೆಸರುವಾಸಿ. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಹತ್ತು ವಾರ ಟಿಪ್ಪಣಿ ಬರೆಸಿದರು. ಒಂದು ಗುಂಪು ಆ ವಾರ ತಮಗೆ ದೊರೆತ ಒಳ್ಳೆಯದನ್ನು, ಹೆಚ್ಚೆಂದರೆ ಐದು ಸಂಗತಿಗಳನ್ನು, ಬರೆಯಬೇಕು. ಎರಡನೆಯದು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದ ಘಟನೆಗಳನ್ನು. ಕೊನೆಗೆ ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಮೈಕೈ ನೋವಿನ ದೂರು ಕಡಿಮೆಯಾಗಿತ್ತು. ವ್ಯಾಯಾಮವನ್ನೂ ಹೆಚ್ಚು ಮಾಡಿದ್ದರು. ಮುಂದೆ ನಡೆದ ಅನೇಕ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದವರು ಲಾಭ ಇದೆ, ಆದರೆ ದೊಡ್ಡದಲ್ಲ ಎಂದಿದ್ದಾರೆ. ಸಂತೆಯಲ್ಲಿ ಮಾರುವ ಸರ್ವರೋಗ ನಿವಾರಣೆಯ ಎಣ್ಣೆ ಇದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ಅದು ಕೆಲಸ ಮಾಡುವ ಬಗೆ ಊಹಿಸಲಾಗದ್ದೇನಲ್ಲ. ಸುಖದ ಶತ್ರು ಯಾವಾಗಲೂ ದುಃಖವೇ ಆಗಬೇಕೆಂದಿಲ್ಲ, ರೂಢಿಯೂ ಆಗಬಹುದು. ಮನೆಗೆ ನಲ್ಲಿ ಬಂದ ಮೊದಲ ವಾರ ಹಬ್ಬ. ಮೂರನೆಯ ತಿಂಗಳಿಗೆ ನಲ್ಲಿ ಇದೆಯೆಂಬುದೇ ಮರೆತಿರುತ್ತದೆ, ನೀರು ಬಾರದ ದಿನ ಮಾತ್ರ ನೆನಪು. ದೊರೆತದ್ದನ್ನು ಬೇಕೆಂದೇ ಮತ್ತೊಮ್ಮೆ ನೋಡಿದಾಗ ರೂಢಿಯ ಪೊರೆ ಸ್ವಲ್ಪ ಹರಿಯುತ್ತದೆ. ಇನ್ನೊಂದು ಅಂಶವೂ ಇದೆ. ಉಪಕಾರವನ್ನು ನೆನೆದವನಿಗೆ ತಾನು ಒಂಟಿಯಲ್ಲ, ತನ್ನ ಕ್ಷೇಮವನ್ನು ಬಯಸಿದವರು ಇದ್ದರು ಎಂಬ ತಿಳಿವು ಬರುತ್ತದೆ. ಸುಖಕ್ಕೆ ಬಹುಶಃ ಇದೇ ಹೆಚ್ಚು ಹತ್ತಿರ.

ಇಲ್ಲಿಯವರೆಗೆ ಎಲ್ಲವೂ ಸರಾಗ. ತೊಡಕು ಶುರುವಾಗುವುದು ಈ ಪ್ರಯೋಗವನ್ನು ಭಾರತೀಯರ ಮೇಲೆ ನಡೆಸಿದಾಗ. 2017ರಲ್ಲಿ ಲಿಯುಡ್ಮಿಲಾ ಟಿಟೋವಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಬಿಳಿಯರೂ ಭಾರತೀಯರೂ ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆದರು. ಅಮೆರಿಕದವರಿಗೆ ಸಂತೋಷ ಹೆಚ್ಚಿತು. ಭಾರತೀಯರಿಗೂ ಹೆಚ್ಚಿತು, ಆದರೆ ಜೊತೆಯಲ್ಲೇ ತಪ್ಪಿತಸ್ಥ ಭಾವ, ವಿಷಾದ ಕೂಡ ಹೆಚ್ಚಿದವು. ಅಪ್ಪ ಹೊಲ ಅಡವಿಟ್ಟು ಓದಿಸಿದ್ದನ್ನು ನೆನೆದು ಬರೆಯಲು ಕುಳಿತ ಮಗನ ಕಣ್ಣಲ್ಲಿ ನೀರು ಏಕೆ ಬರುತ್ತದೆಂದು ಹೊಳಲ್ಕೆರೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ತೀರಿಸದೆ ಉಳಿದದ್ದು ನೆನಪಾಗುತ್ತದೆ.

ಕಾರಣ ನಮ್ಮ ಪದಕೋಶದಲ್ಲೇ ಇದೆ. ನಮ್ಮ ಆಡುಮಾತಿನಲ್ಲಿ ಕೃತಜ್ಞತೆಗೆ ಹತ್ತಿರದ ಶಬ್ದ 'ಋಣ', ಅಂದರೆ ಸಾಲ. ಅನ್ನದ ಋಣ, ಉಪ್ಪಿನ ಋಣ, ಹೆತ್ತವರ ಋಣ. ರೈಲ್ವೆಯವರಿಗೋ ಮೇಷ್ಟ್ರಿಗೋ ಬೇರೆ ಊರಿಗೆ ವರ್ಗವಾದರೆ 'ಈ ಊರಿನ ನೀರಿನ ಋಣ ತೀರಿತು' ಎಂದು ಹೇಳಿ ಹೊರಡುತ್ತಾರೆ. ಋಣದಲ್ಲಿ ತೂಕವಿದೆ, ಆದರೆ ಅವಮಾನವಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಶಬ್ದ ಇದೆ: 'ಹಂಗು'. ಕೊಟ್ಟವನು ಕೊಟ್ಟದ್ದನ್ನು ಎತ್ತಿ ಆಡಿದಾಗ ಋಣ ಹಂಗಾಗುತ್ತದೆ. 'ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ' ಎಂಬ ಗಾದೆಯನ್ನು ಕೃತಘ್ನರ ಬಗ್ಗೆ ಹೇಳುವುದು ವಾಡಿಕೆ. ಆ ಅಂಬಿಗ ದಡ ಮುಟ್ಟಿದ ಮೇಲೂ ದಿನಾ ಮನೆಬಾಗಿಲಿಗೆ ಬಂದು ದಾಟಿಸಿದ್ದನ್ನು ನೆನಪಿಸುವವನಾಗಿದ್ದರೆ ಎಂಬ ಪ್ರಶ್ನೆಯನ್ನು ಗಾದೆ ಕೇಳುವುದಿಲ್ಲ.

ಈ ಪ್ರಶ್ನೆ ಬರಿಯ ಚಮತ್ಕಾರವಲ್ಲ. ಧಣಿ ಮದುವೆಗೆಂದು ಕೊಟ್ಟ ನೂರಾರು ರೂಪಾಯಿಗೆ ತಂದೆಯೂ ಮಗನೂ ಜೀತ ಮಾಡಿದ ಕಾಲ ಬಹಳ ಹಿಂದಿನದೇನಲ್ಲ. ಜೀತಪದ್ಧತಿಯನ್ನು ರದ್ದುಮಾಡುವ ಕಾನೂನು ಬಂದದ್ದು 1976ರಲ್ಲಿ. ಅಲ್ಲಿಯವರೆಗೆ ದುಡಿದವನ ಬಾಯಿಂದ ಹೊರಟ ಮಾತು ಕೃತಜ್ಞತೆಯದೇ: 'ಧಣಿಯ ಅನ್ನ ತಿಂದಿದ್ದೇವೆ'. ಮೇಲಿನವರು ಕೆಳಗಿನವರಿಂದ ವಸೂಲು ಮಾಡುವ ಇಂಥ ಕೃತಜ್ಞತೆಯನ್ನು ಯಾವ ಪ್ರಯೋಗಶಾಲೆಯೂ ಸುಖವೆಂದು ಅಳೆಯಲಾರದು. ಮನೆಯೊಳಗೂ ಇದು ನಡೆಯುತ್ತದೆ. ಸೊಸೆಗೆ 'ನಮ್ಮ ಮನೆಗೆ ಬಂದದ್ದು ನಿನ್ನ ಪುಣ್ಯ' ಎಂದು ಹೇಳುವವರು ಅವಳಲ್ಲಿ ಕೃತಜ್ಞತೆಯನ್ನು ಬೆಳೆಸುತ್ತಿಲ್ಲ.

ಹಾಗೆ ನೋಡಿದರೆ ಋಣವನ್ನು ಹಂಗಾಗಲು ಬಿಡದೆ, ಮನಸ್ಸಿನ ಮೇಲೆ ಕಲ್ಲಾಗಿ ಕೂರಲೂ ಬಿಡದೆ, ನಿರ್ವಹಿಸುವ ದಾರಿಗಳನ್ನು ಈ ನಾಡು ಹಿಂದೆಯೇ ಕಂಡುಕೊಂಡಿತ್ತು. ಹಳೆಯ ಶಾಸನಗಳಲ್ಲಿ 'ಕೊಡಗೆ' ಎಂಬ ಮಾತು ಪದೇಪದೇ ಬರುತ್ತದೆ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ತಡೆಯಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು: ಕೆಳಗೆ ಕಾದಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಕಲ್ಲಿನ ಜೊತೆಗೆ ಅವನ ಮನೆಯವರಿಗೆ ಭೂಮಿಯನ್ನೂ ಬಿಟ್ಟರು. ಅದಕ್ಕೆ ಹೆಸರು ನೆತ್ತರುಗೊಡಗೆ. ಕೆರೆ ಕಟ್ಟಿಸಿದವನಿಗೆ, ಅದರ ಏರಿ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಕಟ್ಟುಗೊಡಗೆ. ಸತ್ತವನನ್ನು ಹೊಗಳುವುದಷ್ಟೇ ಅಲ್ಲ, ಅವನ ಮಕ್ಕಳು ಉಣ್ಣುವಂತೆ ಮಾಡುವುದೂ ಇತ್ತು. ಪಡೆದ ಉಪಕಾರ ಎದೆಯಲ್ಲಿ ಭಾರವಾಗಿ ಉಳಿಯುವ ಬದಲು ಊರು ಕೂಡಿ ಮಾಡುವ ಒಂದು ಕೆಲಸವಾಗುತ್ತಿತ್ತು. ನೀರಿನ ಉಪಕಾರದ ದಾಖಲೆಯಂತೂ ಈ ಜಿಲ್ಲೆಯಲ್ಲಿ ಬಹಳ ಹಳೆಯದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಬಂಡೆಯ ಮೇಲಿನ ಶಾಸನ ಕದಂಬ ಮಯೂರಶರ್ಮನ ಹೆಸರನ್ನು ಅಲ್ಲಿನ ಕೆರೆಯೊಂದಿಗೆ ಸೇರಿಸಿ ಹೇಳುತ್ತದೆ, ಕಾಲ ಕ್ರಿ.ಶ. ನಾಲ್ಕನೆಯ ಶತಮಾನ.

ಕಣದಲ್ಲಿ ರಾಶಿ ಮಾಡುವಾಗ ಆಯಗಾರರಿಗೆ ಕೊಡುತ್ತಿದ್ದ ಆಯವನ್ನೂ ಇಲ್ಲಿ ನೆನೆಯಬಹುದು. ಬಡಗಿ, ಕಮ್ಮಾರ, ಮಡಿವಾಳ, ತಳವಾರ, ಕೆರೆಯ ತೂಬು ಎತ್ತುವ ನೀರಗಂಟಿ, ಇವರ ಪಾಲು ಅಳೆದ ಮೇಲೆ ಉಳಿದದ್ದು ಮನೆಗೆ. ಅದು ಭಿಕ್ಷೆಯಲ್ಲ, ಹಕ್ಕು. ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸುವ ಅಗತ್ಯವಿಲ್ಲ. ಜಾತಿಯ ಗಂಟು ಅದರಲ್ಲಿ ಬಿಗಿಯಾಗಿಯೇ ಇತ್ತು, ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಲು 1961ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಆದರೂ ಒಂದು ವಿಷಯದಲ್ಲಿ ಅದು ಸ್ಪಷ್ಟವಾಗಿತ್ತು. ತನ್ನ ಅನ್ನ ಯಾರುಯಾರ ಕೈ ದಾಟಿ ಬಂತು ಎಂಬುದು ರೈತನಿಗೆ ವರ್ಷಕ್ಕೊಮ್ಮೆಯಾದರೂ ಕಣ್ಣಿಗೆ ಕಾಣುತ್ತಿತ್ತು.

ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಸಿಂಗರಿಸುವುದು, ಬೆಳೆ ನಿಂತ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುವುದು, ಎಲ್ಲ ಇದೇ ಜಾತಿಯವು. ಇವುಗಳಲ್ಲಿ ಅತ್ಯಂತ ಸೊಗಸಾದದ್ದು ಬಾಗಿನ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಧಾನ್ಯ, ಬೆಲ್ಲ, ತೆಂಗಿನಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ, ಗೌರಿಹಬ್ಬದಲ್ಲಿ ಮುತ್ತೈದೆಯರಿಗೆ ಕೊಡುವುದನ್ನೇ ತುಂಬಿದ ಕೆರೆಗೂ ಕೊಡುತ್ತಾರೆ. ನೀರನ್ನು ದೂರದ ದೇವತೆಯಾಗಿ ಅಲ್ಲ, ತವರಿಗೆ ಬಂದ ಮನೆಮಗಳಾಗಿ ಕಾಣುವ ಈ ರೀತಿಯಲ್ಲಿ ಅಂಜಿಕೆಯಿಲ್ಲ, ಸಲಿಗೆಯಿದೆ. ಮಗಳಿಗೆ ಬಾಗಿನ ಕೊಟ್ಟವರು ಲೆಕ್ಕ ಚುಕ್ತಾ ಆಯಿತೆಂದು ಭಾವಿಸುವುದಿಲ್ಲ. ಬರುವ ವರ್ಷ ಮತ್ತೆ ಬಾ ಎಂದೇ ಅದರ ಅರ್ಥ.

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಇದನ್ನು ಕಣ್ಣಾರೆ ತೋರಿಸಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಅಣೆಕಟ್ಟೆ 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಎರಡು ಮೂರು ತಲೆಮಾರು ಕೋಡಿ ಹರಿಯುವುದನ್ನು ಅಜ್ಜಂದಿರ ಬಾಯಿಂದ ಕೇಳಿದ್ದೇ ಬಂತು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ, ನೀರು ಮತ್ತೆ ಕೋಡಿಯ ಮೇಲೆ ಹರಿದಾಗ ನೋಡಲು ಜನಸಾಗರ. 2025ರ ಜನವರಿಯಲ್ಲಿ ಮತ್ತೆ ತುಂಬಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಅರ್ಪಿಸಿದರು. ಮಂತ್ರಿಗಳ ಬಾಗಿನಕ್ಕೆ ಕ್ಯಾಮೆರಾ ಇರುತ್ತದೆ, ಅದು ಇರಲಿ. ಕ್ಯಾಮೆರಾ ಇಲ್ಲದೆಯೂ ಹೆಂಗಸರು ತಮ್ಮೂರಿನ ಸಣ್ಣ ಕೆರೆ ತುಂಬಿದಾಗ ಮೊರ ಹಿಡಿದು ಏರಿಯ ಮೇಲೆ ನಡೆಯುತ್ತಾರೆ. ಅಂದಿನ ಅವರ ಮುಖ ನೋಡಿದವರಿಗೆ ಕೃತಜ್ಞತೆಗೂ ಸುಖಕ್ಕೂ ಏನು ಸಂಬಂಧ ಎಂದು ಕೇಳಬೇಕೆನಿಸದು.

ಇದಕ್ಕೆ ಎದುರಾಗಿ ಕೊಳವೆಬಾವಿಯನ್ನು ನೋಡಿ. ಇಲ್ಲಿ ನೆರೆದವರಲ್ಲಿ ಅಡಿಕೆ ತೋಟ ಇರುವವರು ಅನೇಕರಿರಬಹುದು. ತೋಟ ಉಳಿದದ್ದೇ ಕೊಳವೆಬಾವಿಯಿಂದ ಎಂಬುದು ಸುಳ್ಳಲ್ಲ. ಆದರೆ ಕೆರೆಯ ನೀರಿಗೆ ನೀರಗಂಟಿಯ ಮುಖವಿತ್ತು, ಏರಿಗೆ ಮಣ್ಣು ಹಾಕಿದವರ ಹೆಸರಿತ್ತು. ಕೊಳವೆಬಾವಿಗೆ ಸ್ವಿಚ್ಚು ಇದೆ. ದುಡ್ಡು ಕೊಟ್ಟು ಕೊರೆಸಿದ್ದು, ತನ್ನ ಹೊಲದ್ದು, ತನ್ನದೇ ನೀರು. ಅದು ನಾಲ್ಕು ಹೊಲದಾಚೆಯ ಕೆರೆಯಿಂದ ಇಂಗಿದ ನೀರೂ ಆಗಿರಬಹುದು ಎಂಬುದು ಕಾಣುವುದಿಲ್ಲ. ಕೊಟ್ಟವರು ಕಾಣದಿದ್ದಾಗ ಉಪಕಾರಸ್ಮರಣೆ ಹುಟ್ಟುವುದು ಕಷ್ಟ. ಬಾವಿ ಬತ್ತಿದ ದಿನ ಸಿಟ್ಟು ಮಾತ್ರ ಹುಟ್ಟುತ್ತದೆ, ಆಗ ಇನ್ನೂ ನೂರು ಅಡಿ ಕೊರೆಸುತ್ತೇವೆ.

ಇಂದು ಕೃತಜ್ಞತೆಯನ್ನು ಅಭ್ಯಾಸ ಮಾಡಿಕೊಳ್ಳಬಯಸುವವರಿಗೆ ಪುಸ್ತಕಗಳು ಹೇಳುವ ಉಪಾಯ ಪಟ್ಟಿ ಬರೆಯುವುದು. ಬರೆಯಲಿ, ತಪ್ಪೇನಿಲ್ಲ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರ 2005ರ ಅಧ್ಯಯನದಲ್ಲಿ ಪ್ರತಿ ರಾತ್ರಿ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನೂ ಅವುಗಳ ಕಾರಣವನ್ನೂ ಒಂದು ವಾರ ಬರೆದವರಿಗೆ ಅದರ ಫಲ ಆರು ತಿಂಗಳವರೆಗೂ ಕಾಣಿಸಿತು. ಅದೇ ಅಧ್ಯಯನದಲ್ಲಿ ಉಪಕಾರಿಗೆ ಪತ್ರ ಬರೆದು ಖುದ್ದು ತಲುಪಿಸಿದವರ ಸಂತೋಷ ಎಲ್ಲರಿಗಿಂತ ಹೆಚ್ಚು ಏರಿತು, ಆದರೆ ಕೆಲವು ತಿಂಗಳಲ್ಲಿ ಇಳಿಯಿತು. ಬಾಗಿನ ವರ್ಷವರ್ಷವೂ ಏಕೆ ಎಂಬುದಕ್ಕೆ ಇದೂ ಒಂದು ಉತ್ತರವಿರಬಹುದು.

ಪತ್ರ ಬರೆಯಲು ನಮ್ಮನ್ನು ತಡೆಯುವುದು ಸಂಕೋಚ. ನಿವೃತ್ತರಾದ ಮೇಷ್ಟ್ರಿಗೆ ಮೂವತ್ತು ವರ್ಷಗಳ ಮೇಲೆ ಏನೆಂದು ಬರೆಯುವುದು, ಅವರು ಏನೆಂದುಕೊಂಡಾರು ಎಂಬ ಹಿಂಜರಿಕೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲೆ 2018ರಲ್ಲಿ ಈ ಹಿಂಜರಿಕೆಯನ್ನೇ ಅಳೆದರು. ಪತ್ರ ಪಡೆದವರಿಗೆ ಎಷ್ಟು ಮುಜುಗರವಾದೀತೆಂದು ಬರೆದವರು ಊಹಿಸಿದ್ದರೋ ಅಷ್ಟು ಆಗಿರಲಿಲ್ಲ. ಎಷ್ಟು ಸಂತೋಷವಾದೀತೆಂದು ಊಹಿಸಿದ್ದರೋ ಅದಕ್ಕಿಂತ ಹೆಚ್ಚು ಆಗಿತ್ತು. ವಾಕ್ಯ ಚೆನ್ನಾಗಿ ಬಂದಿದೆಯೇ ಎಂದು ಚಿಂತಿಸಿದವರು ಬರೆದವರು ಮಾತ್ರ, ಓದಿದವರು ಅದನ್ನು ಗಮನಿಸಿರಲಿಲ್ಲ.

ಮೇಷ್ಟ್ರಿಗೆ ವಿಳಾಸವಿದೆ. ವಿಳಾಸವಿಲ್ಲದವರ ಋಣವೂ ನಮ್ಮ ಮೇಲಿದೆ. ಮಾರಿಕಣಿವೆಯ ಅಣೆಕಟ್ಟೆಗೆ ಮೈಸೂರಿನ ರಾಜಮಾತೆ, ಮಗನಿಗೆ ವಯಸ್ಸಿಗೆ ಬರುವವರೆಗೆ ರಾಜ್ಯಭಾರ ನೋಡಿಕೊಂಡ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿದೆ, ಅದು ಸಲ್ಲಬೇಕಾದದ್ದೇ. ಇಂದು ಅದರ ನೀರು ಹಿರಿಯೂರಿನ ತೋಟಗಳಿಗೂ ಚಿತ್ರದುರ್ಗದ ನಲ್ಲಿಗಳಿಗೂ ಹರಿಯುತ್ತದೆ. ವರ್ಷಗಟ್ಟಲೆ ಬಿಸಿಲಲ್ಲಿ ಆ ಕಲ್ಲುಗಳನ್ನು ಹೊತ್ತವರು, ಗಾರೆ ಅರೆದವರು ಯಾವ ಊರಿನವರೆಂದು ಕೇಳಿದರೆ ಕೋಡಿ ನೋಡಲು ಹೋದವರಲ್ಲಿ ಎಷ್ಟು ಮಂದಿ ಹೇಳಬಲ್ಲರು? ಆ ಭಾಗದ ಹಳ್ಳಿಗಳಲ್ಲಿ ತಮ್ಮ ಮುತ್ತಜ್ಜ ಕಟ್ಟೆಯ ಕೆಲಸಕ್ಕೆ ಹೋಗಿದ್ದನೆಂದು ಕೇಳಿ ಬಲ್ಲ ಹಿರಿಯರು ಇನ್ನೂ ಇರಬಹುದು. ಶಾಲೆಯ ಮಕ್ಕಳು ಒಂದು ರಜೆಯಲ್ಲಿ ನೋಟುಪುಸ್ತಕ ಹಿಡಿದು ಅವರ ಜಗಲಿಗೆ ಹೋಗಿ ಕುಳಿತರೆ ಕೆಲವು ಹೆಸರುಗಳಾದರೂ ಸಿಕ್ಕಾವು.