ಕಬಡ್ಡಿ ಅಭ್ಯಾಸಕ್ಕೊಂದು ಕ್ರಮ



ನಿಮ್ಮಲ್ಲಿ ಕೆಲವರು ಈಗಾಗಲೇ ನಾಯಕರಾಗಿ ಗೆಳೆಯರಿಗೆ ಕಬಡ್ಡಿ ಅಭ್ಯಾಸ ಮಾಡಿಸುತ್ತಿರಬಹುದು. ಮುಂದೆ ತರಬೇತುದಾರರೂ ಆಗಬಹುದು. ನಿಮಗೆ ಒಂದು ಗಂಟೆ ಸಿಕ್ಕಿದೆ ಎನ್ನೋಣ. ಅದನ್ನು ಹೇಗೆ ಹಂಚಿಕೊಳ್ಳುತ್ತೀರಿ?

ಮೊದಲು ಅಂಕಣದಲ್ಲಿನ ಕಲ್ಲು, ಗಾಜಿನ ಚೂರುಗಳನ್ನು ಆರಿಸಿ ತೆಗೆಯಿರಿ. 10 ನಿಮಿಷ ನಿಧಾನವಾದ ಓಟ ಮತ್ತು ಮೈ ಸಡಿಲಿಸುವ ವ್ಯಾಯಾಮ. ನಂತರದ 20 ನಿಮಿಷ ಒಂದೇ ಕೌಶಲ. ಉದಾಹರಣೆಗೆ, ದಾಳಿಗೆ ಬಂದವರ ಕಾಲು ಹಿಡಿಯುವ ಕ್ರಮ. ಹೊಸದನ್ನು ದಣಿಯುವ ಮೊದಲೇ ಕಲಿಸಬೇಕು. ದಣಿದ ದೇಹ ತಪ್ಪನ್ನೇ ರೂಢಿಸಿಕೊಳ್ಳುತ್ತದೆ. ಆಮೇಲೆ 20 ನಿಮಿಷ ಆಟ. ತೂಕದಲ್ಲಿ ಸರಿಸಮಾನರಾದವರು ಎದುರುಬದುರಾಗಲಿ. ಕೊನೆಯ 10 ನಿಮಿಷ ನಿಧಾನ ನಡಿಗೆ, ವಿಶ್ರಾಂತಿ. ನಡುನಡುವೆ ನೀರು ಕುಡಿಯಲು ಬಿಡಿ. ಬಾಯಾರಿಕೆ ತಡೆದುಕೊಳ್ಳುವುದು ಶಿಸ್ತಲ್ಲ.

ಇನ್ನೊಂದು ಮಾತು. ತಲೆಗೆ ಪೆಟ್ಟು ಬಿದ್ದು ಮಂಕಾದವರು, ತಲೆಸುತ್ತು ಬಂದವರು “ನನಗೇನೂ ಆಗಿಲ್ಲ” ಎಂದರೂ ಅಂದು ಮತ್ತೆ ಅಂಕಣಕ್ಕೆ ಇಳಿಯಕೂಡದು. ಅವರನ್ನು ವೈದ್ಯರು ನೋಡಬೇಕು. ಚೇತರಿಸಿಕೊಳ್ಳದ ಮಿದುಳಿಗೆ ಎರಡನೆಯ ಪೆಟ್ಟು ಪ್ರಾಣಾಪಾಯ ತರಬಲ್ಲದು. ನಾಳೆಯೇ ಪಂದ್ಯವಿರಲಿ, ಗಾಯಗೊಂಡವರು ತಂಡದ ಮುಖ್ಯ ದಾಳಿಗಾರರೇ ಆಗಿರಲಿ, ಈ ನಿಯಮಕ್ಕೆ ವಿನಾಯಿತಿ ಬೇಡ. ಪಂದ್ಯ ಸೋತರೆ ಮುಂದಿನ ವರ್ಷ ಗೆಲ್ಲಬಹುದು. ಆಟಗಾರರನ್ನು ಕ್ಷೇಮವಾಗಿ ಮನೆಗೆ ಕಳಿಸುವುದು ಮಾತ್ರ ಆ ದಿನವೇ ಆಗಬೇಕಾದ ಕೆಲಸ.