ಮ್ಯಾಸಿಡೋನಿಯ: ಒಂದು ಹೆಸರಿನ ವ್ಯಾಜ್ಯ



1903ರ ಕೊನೆಯಲ್ಲಿ ಬಲ್ಗೇರಿಯದ ರಾಜಧಾನಿ ಸೋಫಿಯಾದಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಹೆಸರು ‘ಮ್ಯಾಸಿಡೋನಿಯದ ವಿಚಾರಗಳು’. ಬರೆದವನು ಕ್ರಸ್ತೆ ಮಿಸಿರ್ಕೋವ್ ಎಂಬ ಇಪ್ಪತ್ತೊಂಬತ್ತು ವರ್ಷದ ಉಪಾಧ್ಯಾಯ. ಮ್ಯಾಸಿಡೋನಿಯದ ಸ್ಲಾವ್ ಜನ ಬಲ್ಗೇರಿಯನ್ನರಾಗಿಯೂ ಅಲ್ಲ, ಸರ್ಬಿಯನ್ನರಾಗಿಯೂ ಅಲ್ಲ, ಬೇರೆಯೇ ಒಂದು ರಾಷ್ಟ್ರವಾಗಿ ನಿಲ್ಲಬೇಕು, ಅವರಿಗೆ ಅವರದೇ ಗ್ರಂಥಭಾಷೆ ಇರಬೇಕು ಎಂಬುದು ಅದರ ವಾದ. ಪ್ರತಿಗಳಲ್ಲಿ ಹೆಚ್ಚಿನವು ಓದುಗರ ಕೈಸೇರುವ ಮೊದಲೇ ನಾಶವಾದವು.

ಇದೇ ಮಿಸಿರ್ಕೋವ್ ಕೆಲವು ವರ್ಷಗಳ ನಂತರ ಮ್ಯಾಸಿಡೋನಿಯದವರು ಬಲ್ಗೇರಿಯನ್ನರೇ ಎಂದೂ ಬರೆದ. 1917–18ರಲ್ಲಿ ಬೆಸ್ಸರೇಬಿಯದ ಶಾಸನಸಭೆಯಲ್ಲಿ ಅಲ್ಲಿನ ಬಲ್ಗೇರಿಯನ್ನರ ಪ್ರತಿನಿಧಿಯಾಗಿ ಕುಳಿತ. ಕೊನೆಗಾಲದಲ್ಲಿ ಮತ್ತೆ ಮ್ಯಾಸಿಡೋನಿಯದ ಪ್ರತ್ಯೇಕ ಪ್ರಜ್ಞೆಯ ಬಗ್ಗೆ ಬರೆದು, 1926ರಲ್ಲಿ ಸೋಫಿಯಾದಲ್ಲೇ ತೀರಿಕೊಂಡ. ಇಂದು ಸ್ಕೋಪ್ಯೆ ನಗರ ಆತನನ್ನು ರಾಷ್ಟ್ರಭಾಷೆಯ ಮೂಲಪುರುಷನೆಂದು ಗೌರವಿಸುತ್ತದೆ. ಸೋಫಿಯಾ ಆತನ ಇನ್ನೊಂದು ಬಗೆಯ ಬರಹಗಳನ್ನು ಎತ್ತಿ ತೋರಿಸುತ್ತದೆ. ಒಬ್ಬನ ಬಾಳಿನಲ್ಲೇ ಇಷ್ಟು ಹೊಯ್ದಾಟವಿದ್ದಾಗ ಒಂದು ಇಡೀ ಪ್ರಾಂತದ ಪಾಡೇನು?

ಈ ಹೊಯ್ದಾಟಕ್ಕೆ ಕಾರಣವಿತ್ತು. ಐದು ಶತಮಾನ ಆ ನೆಲವನ್ನಾಳಿದ ಆಟೊಮನ್ ತುರ್ಕರು ಪ್ರಜೆಗಳನ್ನು ಲೆಕ್ಕ ಹಿಡಿದದ್ದು ಮತದಿಂದ, ಭಾಷೆಯಿಂದಲ್ಲ. ರೈತನನ್ನು ನೀನು ಯಾರೆಂದು ಕೇಳಿದರೆ ‘ಕ್ರೈಸ್ತ’ ಎನ್ನುತ್ತಿದ್ದ, ಇಲ್ಲವೇ ತನ್ನ ಊರಿನ ಹೆಸರು ಹೇಳುತ್ತಿದ್ದ. 1870ರಲ್ಲಿ ಸುಲ್ತಾನನ ಆಜ್ಞೆಯಿಂದ ಬಲ್ಗೇರಿಯನ್ನರಿಗೆ ಪ್ರತ್ಯೇಕ ಚರ್ಚ್ ದೊರೆತ ಮೇಲೆ ಪೈಪೋಟಿ ಶುರುವಾಯಿತು. ಗ್ರೀಕರು, ಬಲ್ಗೇರಿಯನ್ನರು, ಸರ್ಬಿಯನ್ನರು ಊರೂರಿಗೆ ಶಾಲೆ ತೆರೆದರು, ಪಾದ್ರಿಗಳನ್ನು ಕಳುಹಿಸಿದರು. ಹುಡುಗ ಯಾವ ಶಾಲೆಗೆ ಹೋದನೋ ಆ ರಾಷ್ಟ್ರದವನಾದ. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ರಾಷ್ಟ್ರದವರಾದ ನಿದರ್ಶನಗಳೂ ಇದ್ದವು. 1878ರ ಸ್ಯಾನ್ ಸ್ಟೆಫಾನೊ ಒಪ್ಪಂದ ಪ್ರಾಂತದ ಬಹುಭಾಗವನ್ನು ಬಲ್ಗೇರಿಯಕ್ಕೆ ಕೊಟ್ಟಿತು. ನಾಲ್ಕೇ ತಿಂಗಳಲ್ಲಿ ಬರ್ಲಿನ್ ಒಪ್ಪಂದ ಅದನ್ನು ತುರ್ಕರಿಗೆ ಮರಳಿಸಿತು. ಕೈಗೆ ಬಂದು ಜಾರಿಹೋದ ಆ ನೆಲದ ನೆನಪು ಬಲ್ಗೇರಿಯವನ್ನು ಬಹುಕಾಲ ಕಾಡಿತು.

ಹೋರಾಟಗಾರರ ವಿಷಯವೂ ಹೀಗೆಯೇ. 1893ರಲ್ಲಿ ಸಲೋನಿಕಾದಲ್ಲಿ ಹುಟ್ಟಿದ ಕ್ರಾಂತಿಕಾರಿ ಸಂಘಟನೆಯ ಮುಂದಾಳು ಗೋತ್ಸೆ ದೆಲ್ಚೆವ್ ತನ್ನನ್ನು ಬಲ್ಗೇರಿಯನ್ನನೆಂದು ತಿಳಿದಿದ್ದ. ಆದರೆ ಆತ ದುಡಿದದ್ದು ಮ್ಯಾಸಿಡೋನಿಯದ ಸ್ವಾಯತ್ತತೆಗಾಗಿ. 1903ರ ಮೇ ತಿಂಗಳಲ್ಲಿ ತುರ್ಕಿ ಸೈನ್ಯದ ಗುಂಡಿಗೆ ಬಲಿಯಾದ. ಅದೇ ಆಗಸ್ಟ್ 2ರಂದು ದಂಗೆ ಸಿಡಿಯಿತು. ಕ್ರುಶೆವೊ ಎಂಬ ಊರಿನಲ್ಲಿ ಹತ್ತು ದಿನ ಬಾಳಿದ ಗಣರಾಜ್ಯವೊಂದು ಎದ್ದು ಬಿತ್ತು. ದೆಲ್ಚೆವ್‌ನ ಅಸ್ಥಿಯನ್ನು 1946ರಲ್ಲಿ ಸೋಫಿಯಾದಿಂದ ಸ್ಕೋಪ್ಯೆಗೆ ತರಲಾಯಿತು. ಅಸ್ಥಿ ಒಂದು ಕಡೆ ನೆಲೆಸಿತು, ವ್ಯಾಜ್ಯ ಮಾತ್ರ ನಿಲ್ಲಲಿಲ್ಲ.

1912–13ರ ಬಾಲ್ಕನ್ ಯುದ್ಧಗಳಲ್ಲಿ ಮ್ಯಾಸಿಡೋನಿಯ ಮೂರು ಪಾಲಾಯಿತು. ಸುಮಾರು ಅರ್ಧ ಗ್ರೀಸಿಗೆ, ಉಳಿದುದರಲ್ಲಿ ಹೆಚ್ಚಿನ ಪಾಲು ಸರ್ಬಿಯಕ್ಕೆ, ಚಿಕ್ಕ ತುಂಡು ಬಲ್ಗೇರಿಯಕ್ಕೆ. ಸರ್ಬಿಯ ತನ್ನ ಪಾಲನ್ನು ‘ದಕ್ಷಿಣ ಸರ್ಬಿಯ’ ಎಂದು ಕರೆಯಿತು. ಗ್ರೀಸಿನಲ್ಲಿ ಹಳ್ಳಿಗಳ ಸ್ಲಾವ್ ಹೆಸರುಗಳನ್ನು ಅಳಿಸಿ ಗ್ರೀಕ್ ಹೆಸರಿಡಲಾಯಿತು. 1936ರ ನಂತರ ಮೆಟಾಕ್ಸಸ್‌ನ ಸರ್ವಾಧಿಕಾರದಲ್ಲಿ ಮನೆಮಾತಾಡಿದ್ದಕ್ಕೇ ಜನ ಶಿಕ್ಷೆ ಅನುಭವಿಸಿದರು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರ ಆಗಸ್ಟ್ 2ರಂದು, ಟಿಟೊ ಪಕ್ಷದ ಹೋರಾಟಗಾರರು ಯುಗೊಸ್ಲಾವಿಯದೊಳಗೆ ಮ್ಯಾಸಿಡೋನಿಯ ಗಣರಾಜ್ಯವನ್ನು ಸಾರಿದರು. 1945ರಲ್ಲಿ ಅದರ ಭಾಷೆಗೆ ಅಧಿಕೃತ ವರ್ಣಮಾಲೆ ಬಂತು. ಈ ರಾಷ್ಟ್ರ ಟಿಟೊನ ಸೃಷ್ಟಿ ಎಂದು ಬಲ್ಗೇರಿಯದವರು ವಾದಿಸುವುದು ಇದರ ಮೇಲೆಯೇ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹೊಸ ಸರ್ಕಾರ ಶಾಲೆ, ಪತ್ರಿಕೆ, ನಿಘಂಟುಗಳ ಮೂಲಕ ರಾಷ್ಟ್ರವನ್ನು ಕಟ್ಟಿತು. ತಾವು ಬಲ್ಗೇರಿಯನ್ನರೆಂದು ಹಟ ಹಿಡಿದವರನ್ನು ಸೆರೆಮನೆಗೂ ಕಳುಹಿಸಿತು. ಆದರೆ 1945ರ ಗ್ರಂಥಭಾಷೆಗೆ ಆಧಾರವಾದದ್ದು ಬಿತೊಲ, ಪ್ರಿಲೆಪ್, ವೆಲೆಸ್ ಸೀಮೆಯ ಆಡುಮಾತು. 1903ರಲ್ಲೇ ಮಿಸಿರ್ಕೋವ್ ಸೂಚಿಸಿದ್ದೂ ಅದೇ ಸೀಮೆಯ ಮಾತನ್ನು. ಸರ್ಕಾರ ನೀರೆರೆದದ್ದು ನಿಜ, ಬೀಜ ಮೊದಲೇ ಇತ್ತು.

1991ರಲ್ಲಿ ದೇಶ ಸ್ವತಂತ್ರವಾದಾಗ ಗ್ರೀಸಿನ ತಕರಾರು ಎದ್ದಿತು. ಮ್ಯಾಸಿಡೋನಿಯ ಎಂಬ ಹೆಸರು ಅಲೆಕ್ಸಾಂಡರನ ಪರಂಪರೆಯದು, ತಮ್ಮ ಉತ್ತರ ಪ್ರಾಂತದ್ದು ಎಂಬುದು ಗ್ರೀಕರ ಪಟ್ಟು. 1993ರಲ್ಲಿ ವಿಶ್ವಸಂಸ್ಥೆ ಆ ದೇಶವನ್ನು ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯ’ ಎಂಬ ತಾತ್ಕಾಲಿಕ ಹೆಸರಿನಲ್ಲಿ ಸೇರಿಸಿಕೊಂಡಿತು. 1994ರಲ್ಲಿ ಗ್ರೀಸ್ ವ್ಯಾಪಾರ ದಿಗ್ಬಂಧನ ಹೇರಿತು. 1995ರಲ್ಲಿ ದೇಶ ತನ್ನ ಬಾವುಟವನ್ನೇ ಬದಲಿಸಿಕೊಂಡಿತು. ತಾವು ಆರನೆಯ ಶತಮಾನದಲ್ಲಿ ಬಂದ ಸ್ಲಾವರು, ಅಲೆಕ್ಸಾಂಡರನ ಸಂತತಿಯಲ್ಲ ಎಂದು ಮೊದಲ ಅಧ್ಯಕ್ಷ ಕಿರೊ ಗ್ಲಿಗೊರೊವ್ ಬಹಿರಂಗವಾಗಿ ಹೇಳಿದ್ದರು. ಮುಂದೆ ಬಂದ ಸರ್ಕಾರಕ್ಕೆ ಅದು ರುಚಿಸಲಿಲ್ಲ. 2011ರಲ್ಲಿ ಸ್ಕೋಪ್ಯೆಯ ನಡುಚೌಕದಲ್ಲಿ ಅಲೆಕ್ಸಾಂಡರನನ್ನೇ ಹೋಲುವ ಬೃಹತ್ ಅಶ್ವಾರೋಹಿ ವಿಗ್ರಹ ನಿಂತಿತು. ಕಡೆಗೆ 2018ರ ಪ್ರೆಸ್ಪಾ ಒಪ್ಪಂದದಂತೆ 2019ರಲ್ಲಿ ದೇಶದ ಹೆಸರು ‘ಉತ್ತರ ಮ್ಯಾಸಿಡೋನಿಯ’ ಎಂದಾಯಿತು. ಗ್ರೀಕರೊಡನೆ ಒಂದು ಇತ್ಯರ್ಥವಾಯಿತು ಎನ್ನುವಷ್ಟರಲ್ಲಿ, 2020ರಲ್ಲಿ ಬಲ್ಗೇರಿಯ ಭಾಷೆ ಮತ್ತು ಇತಿಹಾಸದ ಪ್ರಶ್ನೆ ಎತ್ತಿ ಯುರೋಪ್ ಒಕ್ಕೂಟದ ಬಾಗಿಲಿಗೆ ಅಡ್ಡ ನಿಂತಿತು. ಸತ್ತವರು ಯಾರವರೆಂಬ ಜಗಳಕ್ಕೆ ಬದುಕಿರುವವರು ದಂಡ ತೆರಬೇಕಾಯಿತು.

ಈ ಎಲ್ಲ ವಾದಗಳ ಬೆನ್ನಿಗೆ ಒಂದೇ ನಂಬಿಕೆಯಿದೆ: ಹಳೆಯದಾಗಿದ್ದರೆ ಮಾತ್ರ ಹಕ್ಕು, ಹೊಸದಾದರೆ ಸುಳ್ಳು. ಅಥೆನ್ಸ್ ಮತ್ತು ಸೋಫಿಯಾ ಇದನ್ನು ನಂಬಿ ಆರೋಪ ಹೊರಿಸಿದವು. ಸ್ಕೋಪ್ಯೆಯೂ ಇದನ್ನೇ ನಂಬಿ ವಿಗ್ರಹ ನಿಲ್ಲಿಸಿತು. ಆದರೆ ಗ್ರೀಕ್, ಸರ್ಬಿಯನ್, ಬಲ್ಗೇರಿಯನ್ ರಾಷ್ಟ್ರೀಯತೆಗಳೂ ಇಂದಿನ ರೂಪ ತಾಳಿದ್ದು ಹತ್ತೊಂಬತ್ತನೆಯ ಶತಮಾನದ ಶಾಲೆಗಳಲ್ಲಿ, ಯುದ್ಧಗಳಲ್ಲಿ. ಮ್ಯಾಸಿಡೋನಿಯದ್ದು ಒಂದೆರಡು ತಲೆಮಾರು ತಡವಾಯಿತು, ಅಷ್ಟೇ ವ್ಯತ್ಯಾಸ.

ಹಿಂದೆಂದೂ ಇಲ್ಲದ ರಾಷ್ಟ್ರ ಈಗ ಎಲ್ಲಿಂದ ಬರಬೇಕು ಎಂಬ ಆಕ್ಷೇಪಕ್ಕೆ ಮಿಸಿರ್ಕೋವ್ 1903ರಲ್ಲೇ ಉತ್ತರ ಕೊಟ್ಟಿದ್ದ. ಹಿಂದೆ ಇಲ್ಲದ್ದು ಕಾಲ ಕೂಡಿಬಂದಾಗ ಹುಟ್ಟಬಲ್ಲದು ಎಂಬುದೇ ಆತನ ವಾದದ ತಿರುಳು. ಇನ್ನೊಂದು ವಿಷಯವನ್ನು ಗಮನಿಸಬೇಕು. ಆತ ಹುಟ್ಟಿದ ಪೋಸ್ತೋಲ್ ಎಂಬ ಹಳ್ಳಿಯಿದ್ದದ್ದು ಅಲೆಕ್ಸಾಂಡರನ ಜನ್ಮಸ್ಥಳವಾದ ಪ್ರಾಚೀನ ಪೆಲ್ಲಾದ ಅವಶೇಷಗಳ ಪಕ್ಕದಲ್ಲೇ. ಅದೀಗ ಗ್ರೀಸಿನಲ್ಲಿದೆ, ಅದರ ಹೆಸರೂ ಪೆಲ್ಲಾ. ಅಲೆಕ್ಸಾಂಡರನ ಅಂಗಳದಲ್ಲೇ ಆಡಿ ಬೆಳೆದವನು ತನ್ನ ಜನರಿಗಾಗಿ ವಾದ ಹೂಡಿದಾಗ ಆ ಚಕ್ರವರ್ತಿಯ ಸಾಕ್ಷ್ಯವನ್ನು ನೆಚ್ಚಲಿಲ್ಲ. ಆತ ನೆಚ್ಚಿದ್ದು ಊರ ಜನ ಆಡುವ ಮಾತನ್ನು.