ಉರಿಯಿಂದ ಹುಟ್ಟುವ ತಂಪು

ಬೆಂಕಿ ಹೊತ್ತಿಸಿ ಹಾಲನ್ನು ತಣ್ಣಗಿಡಬಹುದೆಂದರೆ ಒಗಟಿನಂತೆ ತೋರೀತು. ಅಮೆರಿಕದ ಹೆದ್ದಾರಿಗಳಲ್ಲಿ ಅಡಿಗೆಮನೆ, ಮಲಗುವ ಮನೆಗಳನ್ನು ಹೊತ್ತು ಸಾಗುವ ಪ್ರವಾಸದ ಬಂಡಿಗಳಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ಯುಕ್ತಿಯಿದು. ತಂಪಿನ ಪೆಟ್ಟಿಗೆ, ಅದರ ಬೆನ್ನಿಗೊಂದು ಒಲೆ!

ಹೂಜಿಯ ಹೊರಮೈಯ ತೇವ ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಸೆಳೆದೊಯ್ಯುತ್ತದಷ್ಟೆ. ಇಲ್ಲಿ ಆ ಕೆಲಸ ಅಮೋನಿಯಾದ್ದು. ನೀರಿನಲ್ಲಿ ಕರಗಿದ ಅಮೋನಿಯಾವನ್ನು ಸಣ್ಣ ಉರಿಯೊಂದು ಕಾಯಿಸಿ ಬೇರ್ಪಡಿಸುತ್ತದೆ. ಆ ಆವಿ ಮೇಲೇರಿ, ಹಿಂಬದಿಯ ಕೊಳವೆಗಳಲ್ಲಿ ಆರಿ, ದ್ರವವಾಗುತ್ತದೆ. ಮುಂದೆ ಜಲಜನಕವಿರುವ ಕೊಳವೆಯನ್ನು ಹೊಕ್ಕು ಮತ್ತೆ ಆವಿಯಾಗುತ್ತ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಕೊನೆಗೆ ನೀರು ಅದನ್ನು ಕುಡಿದು ಒಲೆಯ ಬಳಿಗೆ ಮರಳುತ್ತದೆ. ತಿರುಗುವ ಯಂತ್ರವಿಲ್ಲ, ಸದ್ದಿಲ್ಲ. ನನಗೆ ಮೆಚ್ಚಾದುದು ಈ ಮೌನವೇ.

ಉರಿಗೆ ಸಿಲಿಂಡರಿನ ಪ್ರೋಪೇನ್ ಅನಿಲ ಸಾಕು. ತಂಗುದಾಣದಲ್ಲಿ ವಿದ್ಯುತ್ತು ಸಿಕ್ಕರೆ ಅದರ ಕಾವು. ಕೆಲವನ್ನು 12 ವೋಲ್ಟಿನ ಬ್ಯಾಟರಿಯಿಂದಲೂ ನಡೆಸಬಹುದು, ಆದರೆ ಬಂಡಿ ಓಡುತ್ತಿರುವಾಗ ಮಾತ್ರ. ಎಂಜಿನು ನಿಂತ ಮೇಲೂ ಬಿಟ್ಟರೆ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಬರಿದಾದೀತು.

ದ್ರವ ಹರಿಯುವುದು ತನ್ನ ಭಾರದಿಂದ. ಆದ್ದರಿಂದ ಬಂಡಿಯನ್ನು ಮಟ್ಟವಾದ ನೆಲದಲ್ಲೇ ನಿಲ್ಲಿಸಬೇಕು. ಓರೆಯಾಗಿ ನಿಂತರೆ ಹರಿವು ತಡೆದು, ಒಲೆಯ ಕೊಳವೆ ಹದಮೀರಿ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ಬೆರೆಸಿದ ಲವಣ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಓಡುವಾಗಿನ ಕುಲುಕಾಟದಿಂದ ಕೇಡಿಲ್ಲ. ಪೆಟ್ರೋಲು ತುಂಬಿಸುವ ಮುನ್ನ ಉರಿಯನ್ನು ಆರಿಸಲೇಬೇಕು. ಅಮೋನಿಯಾದ ಘಾಟು ಮೂಗಿಗೆ ಬಡಿದರೆ ಕೊಳವೆ ಸೋರಿತೆಂದೇ ಅರ್ಥ. ಅದರೊಡನೆ ಹೊರಬರುವ ಜಲಜನಕ ಹೊತ್ತಿಕೊಳ್ಳುವಂಥದು. ಕೂಡಲೇ ಎಲ್ಲರೂ ಕೆಳಗಿಳಿದು ದೂರ ಸರಿಯಬೇಕು.